ದಪ್ಪ ಗೆರೆ, ಸಪೂರ ಗೆರೆ

ಕತಾರಿನ ಅಲ್ ವಕ್ರಾದ ಆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇದ್ದದ್ದು ಮೂರು ಜನ, ಆದರೆ ಬರಿ ಎರಡು. ಹೆಂಡತಿ ಜ್ಯೋತ್ಸ್ನಾ ಸಾಲ್ಯಾನ್ ಬರಿಯವಳು, ಆದ್ದರಿಂದ ಮಗ ಅಕ್ಷಯನೂ ಸಾಲ್ಯಾನ್. ಯಜ್ಞೇಶ್ ಒಬ್ಬನೇ ಬಂಗೇರ. ಟೀವಿಯಲ್ಲಿ ಯಾವ ಚಾನೆಲ್, ಶುಕ್ರವಾರಕ್ಕೆ ಯಾವ ಮೀನು ಎಂಬ ಜಗಳ ಎದ್ದಾಗಲೆಲ್ಲ ಅವನು ಕೈಮುಗಿದು, "ಆಯ್ತು ಮಾರಾಯ್ತಿ, ನಿಮ್ಮದು ಬಹುಮತದ ಸರಕಾರ, ನಾನೊಬ್ಬ ಪಕ್ಷೇತರ" ಎನ್ನುತ್ತಿದ್ದ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತುಳುವರಲ್ಲಿ ಬರಿ ಎಂದರೆ ವಂಶ, ಮತ್ತು ಅದು ಬರುವುದು ತಾಯಿಯಿಂದ. ಅಪ್ಪ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಅವನ ಬರಿ ಅವನ ಹತ್ತಿರವೇ ನಿಲ್ಲುತ್ತದೆ, ಮಕ್ಕಳಿಗೆ ಬರುವುದಿಲ್ಲ. ಒಂದೇ ಬರಿಯ ಹುಡುಗ ಹುಡುಗಿ, ಒಬ್ಬ ಮಂಗಳೂರಿನವನು ಇನ್ನೊಬ್ಬಳು ಮುಂಬಯಿಯವಳಾದರೂ, ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ. ಹೀಗಾಗಿ ಗಂಡಸಿಗೆ ಅವನ ವಂಶ ಮುಂದುವರಿಯುವುದು ಸ್ವಂತ ಮಕ್ಕಳಲ್ಲಿ ಅಲ್ಲ, ಅಕ್ಕತಂಗಿಯರ ಮಕ್ಕಳಲ್ಲಿ. ಯಜ್ಞೇಶನಿಗೆ ಇದ್ದದ್ದು ಒಬ್ಬಳೇ ತಂಗಿ, ವಾರಿಜ. ಅವಳಿಗೆ ಒಬ್ಬಳೇ ಮಗಳು, ಯಶ್ಮಿತಾ. ಅಷ್ಟೇ. ಅವನ ಅಜ್ಜಿಯ ಕಡೆಯಿಂದ ಹರಿದು ಬಂದ ಅಷ್ಟೂ ನೀರು ಈಗ ಆ ಒಂದು ಹುಡುಗಿಯಲ್ಲಿ ನಿಂತಿತ್ತು.

ಯಶ್ಮಿತಾಳಿಗೆ ಐದು ವರ್ಷ ಇದ್ದಾಗ ಯಜ್ಞೇಶ್ ಕತಾರಿನಿಂದ ಮೊದಲ ರಜೆಯಲ್ಲಿ ಊರಿಗೆ ಹೋಗಿದ್ದ. ರಜೆಯಿಡೀ ಅವಳನ್ನು ಹೆಗಲಿನಿಂದ ಇಳಿಸಲಿಲ್ಲ. ಅವಳಿಗೊಂದು ಆಟ ಕಲಿಸಿದ್ದ. ಅವನು ಪೊಲೀಸನ ಗತ್ತಿನಲ್ಲಿ, "ಯಾರು ನೀನು?" ಎಂದು ಗದರಬೇಕು. ಅವಳು ಎದೆಗೆ ಗುದ್ದಿಕೊಂಡು, "ಬಂಗೇರ!" ಎನ್ನಬೇಕು. ಊಟದ ಮಧ್ಯೆ, ಸ್ನಾನದ ಮಧ್ಯೆ, ಬಂದ ನೆಂಟರ ಮುಂದೆ, ಇದೇ ಆಟ. "ಹುಡುಗಿಗೆ ಎದೆನೋವು ಬರಿಸ್ತೀಯ ನೀನು" ಎಂದು ವಾರಿಜ ಬೈಯುತ್ತಿದ್ದಳು, ನಗುತ್ತಿದ್ದಳು.

ಮರುವರ್ಷ ವಾರಿಜ ಜ್ವರದಲ್ಲಿ ತೀರಿಹೋದಳು. ಯಜ್ಞೇಶ್ ಊರು ಮುಟ್ಟುವಾಗ ಬೂದಿಯೂ ತಣ್ಣಗಾಗಿತ್ತು. ಹದಿಮೂರನೆಯ ದಿನ, ಊಟದ ಎಲೆ ಎತ್ತುವ ಮೊದಲೇ, ಅವನು ಬಾವನ ಹತ್ತಿರ ಹೇಳಿದ: "ಮಗುವನ್ನು ನಾವು ಸಾಕುತ್ತೇವೆ. ಅವಳು ನಮ್ಮ ಕುಟುಂಬದವಳು." ಹಳೆಯ ಕಾಲದಲ್ಲಿ ಇದು ನ್ಯಾಯದ ಮಾತು. ಆದರೆ ಹೆಂಡತಿ ಸತ್ತು ಹದಿಮೂರು ದಿನ ಆದ ಗಂಡಸಿನ ಹತ್ತಿರ ಹೇಳುವ ಮಾತಾ ಅದು? ಬಾವ ಸಿಡಿದೆದ್ದ. "ಹೆತ್ತ ಅಪ್ಪ ನಾನು ಇನ್ನೂ ಸತ್ತಿಲ್ಲ. ನಿನ್ನ ಬರಿ ಗಿರಿ ಎಲ್ಲ ಕತಾರಿನಲ್ಲಿ ಇಟ್ಟುಕೋ" ಎಂದ. ತಿಂಗಳೊಳಗೆ ಮಗಳನ್ನು ಕರೆದುಕೊಂಡು ನಾಸಿಕಕ್ಕೆ ಹೋದ, ಅಲ್ಲಿ ಅವನ ಅಣ್ಣನ ಹೋಟೆಲಿತ್ತು. ವರ್ಷದೊಳಗೆ ಇನ್ನೊಂದು ಮದುವೆಯಾದ. ಬಂದವಳು ಕುಂದರ್ ಬರಿಯವಳು. ಒಳ್ಳೆಯ ಹೆಂಗಸೇ, ಸುಳ್ಳು ಯಾಕೆ ಹೇಳಬೇಕು, ಹುಡುಗಿಯನ್ನು ಸ್ವಂತ ಮಗಳ ಹಾಗೆ ನೋಡಿಕೊಂಡಳು. ಎಷ್ಟರ ಮಟ್ಟಿಗೆ ಎಂದರೆ ಶಾಲೆಗೆ ಸೇರಿಸುವಾಗ ಯಶ್ಮಿತಾ ಕುಂದರ್ ಎಂದು ಬರೆಸಿದಳು.

ಯಜ್ಞೇಶ್ ಫೋನ್ ಮಾಡುತ್ತಿದ್ದ. ಹುಡುಗಿ ಶಾಲೆಯಲ್ಲಿದ್ದಾಳೆ, ಟ್ಯೂಷನ್ನಿನಲ್ಲಿದ್ದಾಳೆ, ಮಲಗಿದ್ದಾಳೆ. ಹತ್ತನೆಯ ಕ್ಲಾಸು ಪಾಸಾದಾಗ ಒಮ್ಮೆ ಅವಳೇ ಎತ್ತಿದಳು. "ಹಲೋ ಅಂಕಲ್, ಥ್ಯಾಂಕ್ಯೂ ಅಂಕಲ್" ಎಂದಳು. ಆ ಅಂಕಲ್ ಎಂಬ ಶಬ್ದ ಇವನ ಕಿವಿಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ತುಳುವಿನಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ ತಮ್ಮಲೆ ಎನ್ನುತ್ತಾರೆ. ಅಂಕಲ್ ಎಂದರೆ ಯಾರು? ಪಕ್ಕದ ಮನೆಯವನು ಅಂಕಲ್, ವಾಚ್‌ಮ್ಯಾನ್ ಅಂಕಲ್, ಮೀನು ಕ್ಲೀನ್ ಮಾಡಿಕೊಡುವ ಬಂಗಾಳಿಯೂ ಅಂಕಲ್. ಒಮ್ಮೆ, ಒಂದೇ ಒಂದು ಸಲ, ಆ ಹುಡುಗಿಯ ಬಾಯಲ್ಲಿ ತಮ್ಮಲೆ ಎಂದು ಕೇಳಬೇಕು ಎಂಬುದು ಅವನ ಆಸೆ. ನಗಬೇಡಿ. ಕೆಲವರಿಗೆ ಮನೆ ಕಟ್ಟುವ ಆಸೆ, ಇವನಿಗೆ ಇದು.

ಇಷ್ಟು ಅವನ ಮನೆಯ ಕಥೆ. ಈಗ ಇಂಗ್ಲಿಷರ ಮನೆಯ ಕಥೆ.

ಯಜ್ಞೇಶ್ ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಡ್ರಾಫ್ಟ್ಸ್‌ಮನ್. ಯಾವ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುವುದು ಅವನ ಕೆಲಸ. ಮುಖ್ಯ ಪೈಪಿಗೆ ದಪ್ಪ ಗೆರೆ, ಕವಲುಗಳಿಗೆ ಸಪೂರ ಗೆರೆ. ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಇನ್ನೂ ಗೊತ್ತಾಗದ ಪೈಪಿನ ತುದಿಗೆ ಒಂದು ಮೋಡದ ಆಕಾರ ಬಿಡಿಸಿ ಒಳಗೆ 'ಹೋಲ್ಡ್' ಎಂದು ಬರೆಯುತ್ತಾರೆ. ಅಂದರೆ, ಕಾಯಿರಿ, ಮಾಹಿತಿ ಬರಬೇಕು. ಅವನ ಮೇಲಧಿಕಾರಿ ಆಶ್‌ಕೋಟ್ ಎಂಬ ಇಂಗ್ಲೆಂಡಿನವ. ಉದ್ದ ಆಸಾಮಿ, ಬೇಸಿಗೆಯಲ್ಲಿ ಮೂಗು ಸುಲಿದು ಕೆಂಪಗಾಗಿರುತ್ತಿತ್ತು.

ಎರಡು ಸಾವಿರದ ಆರರ ಚಳಿಗಾಲ. ದೋಹಾದಲ್ಲಿ ಏಷ್ಯನ್ ಗೇಮ್ಸಿನ ಗದ್ದಲ, ರಸ್ತೆಯಿಡೀ ಬಾವುಟ. ಒಂದು ದಿನ ಆಶ್‌ಕೋಟ್ ಒಂದು ಕಟ್ಟು ಕಾಗದ ತಂದು ಯಜ್ಞೇಶನ ಮೇಜಿನ ಮೇಲಿಟ್ಟ. ಅವನ ಮನೆತನ ಹಳೆಯ ಜಮೀನುದಾರರದ್ದು. ಆಶ್‌ಕೋಟ್ ಹಾಲ್ ಎಂಬ ಬಂಗಲೆ, ಅದರ ಸುತ್ತ ಮೂರು ಹಳ್ಳಿ, ಚರ್ಚಿನಲ್ಲಿ ಇವರದ್ದೇ ಬೆಂಚು. ಬಂಗಲೆ ಯಾವಾಗಲೋ ಕೈಬಿಟ್ಟು ಈಗ ಅದರಲ್ಲಿ ವೃದ್ಧಾಶ್ರಮ ಉಂಟಂತೆ. ಆಶ್‌ಕೋಟ್ ಪ್ರತಿ ರಜೆಯಲ್ಲೂ ಚರ್ಚುಗಳಿಗೆ ಅಲೆದು, ಗೋರಿಗಳ ಪಾಚಿ ಕೆರೆದು, ವಂಶದವರ ಹೆಸರು ಕಲೆಹಾಕಿದ್ದ. ಮುದಿ ತಂದೆಯ ಹುಟ್ಟುಹಬ್ಬ ಬರುತ್ತಿತ್ತು, ಅದಕ್ಕೆ ಇಡೀ ವಂಶವನ್ನು ಒಂದೇ ದೊಡ್ಡ ಹಾಳೆಯಲ್ಲಿ ತೋರಿಸಬೇಕು.

"ನಿನಗೆ ಹೇಳಿಕೊಡುವುದು ಬೇಡ ಪೂಜಾರಿ," ಎಂದ ಆಶ್‌ಕೋಟ್. ಯಜ್ಞೇಶನ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಪೂಜಾರಿ ಎಂದೇ, ಬಂಗೇರ ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. "ಮೇನ್ ಲೈನ್ ದಪ್ಪ, ಬ್ರ್ಯಾಂಚ್ ಸಪೂರ. ಅಷ್ಟೇ."

ಯಜ್ಞೇಶನಿಗೆ ಒಳಗೊಳಗೇ ಖುಷಿ. ಪೈಪು ಎಳೆದು ಎಳೆದು ಬೇಜಾರಾದವನಿಗೆ ಮನುಷ್ಯರನ್ನು ಎಳೆಯುವ ಕೆಲಸ! ಕೆಲಸ ಮುಗಿದ ಮೇಲೆ ಒಂದು ಗಂಟೆ ಉಳಿದು ಮಾಡುತ್ತಿದ್ದ, ರಜಾದಿನ ಕಾಗದ ಮನೆಗೂ ತರುತ್ತಿದ್ದ. ಅದೇ ಪ್ಲಾಂಟಿನಲ್ಲಿದ್ದು ಅವನನ್ನು ದಿನಾ ಕಾರಿನಲ್ಲಿ ಕರೆದೊಯ್ಯುತ್ತಿದ್ದ ವಕ್ರಾದ ಗೆಳೆಯ, ಉಪ್ಪಿನಂಗಡಿಯ ಅಬ್ದುಲ್ ಸಲಾಂ, ತಮಾಷೆ ಮಾಡುತ್ತಿದ್ದ. "ನದೀಮೂಲ ಋಷಿಮೂಲ ಕೇಳಬಾರದು ಅಂತ ನಿಮ್ಮವರೇ ಹೇಳಿದ್ದಲ್ವಾ? ಆ ಬಿಳಿಯ ಯಾಕೆ ಕೆದಕುವುದು? ಕೆದಕಿದರೆ ಎಲ್ಲರ ಮೂಲದಲ್ಲೂ ಒಬ್ಬ ಕಳ್ಳ ಸಿಗ್ತಾನೆ. ಖಲಾಸ್, ಬಿಡು!"

"ಕಳ್ಳ ಸಿಕ್ಕಿದರೂ ಆಗಲಿ ಮಾರಾಯ. ಸಿಕ್ಕುವುದು ಮುಖ್ಯ."

ಆದರೆ ಕಾಗದ ನೋಡುತ್ತ ನೋಡುತ್ತ ಯಜ್ಞೇಶನಿಗೆ ಸಿಟ್ಟು ಬರತೊಡಗಿತು. ಎಂಥ ಜನ ಇವರು! ಗಂಡುಮಕ್ಕಳದ್ದು ಹುಟ್ಟು, ಸಾವು, ಕುದುರೆಯಿಂದ ಬಿದ್ದದ್ದು, ಎಲ್ಲ ಬರೆದಿದ್ದಾರೆ. ಹೆಣ್ಣುಮಕ್ಕಳದ್ದು? 'ಮೇರಿ, ಮಗಳು, ಮದುವೆಯಾಗಿ ಹೋದಳು.' ಎಲ್ಲಿಗೆ ಹೋದಳು? ಅವಳಿಗೆ ಹೆಣ್ಣು ಹುಟ್ಟಿತಾ? ಕೇಳುವವರೇ ಇಲ್ಲ. "ನೋಡು ಜ್ಯೋತ್ಸ್ನಾ," ಎಂದು ಅವನು ಹೆಂಡತಿಗೆ ತೋರಿಸಿದ, "ಮನೆಯ ಹೆಣ್ಣುಮಕ್ಕಳನ್ನು ಹೀಗೆ ಕಳಕೊಂಡಿದ್ದಾರೆ, ಛತ್ರಿ ಕಳಕೊಂಡ ಹಾಗೆ."

ಜ್ಯೋತ್ಸ್ನಾ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದವಳು ಕತ್ತೆತ್ತಿ ಗಂಡನನ್ನು ನೋಡಿದಳು. ಅವನು ಯಾವ ಹೆಣ್ಣುಮಗಳ ವಿಷಯ ಮಾತಾಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಪುನಃ ಮೀನಿಗೆ ಕೈ ಹಾಕಿದಳು.

ಜನವರಿಯಲ್ಲಿ ಡ್ರಾಯಿಂಗ್ ಮುಗಿಯಿತು. ಪ್ಲಾಟರ್ ಮಿಷನ್ನಿನಲ್ಲಿ ದೊಡ್ಡ ಹಾಳೆ ತೆಗೆದು ಆಶ್‌ಕೋಟನ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚಹಾ ಕಪ್ಪಿಟ್ಟ. ಆಶ್‌ಕೋಟ್ ಕನ್ನಡಕ ಹಾಕಿ ಬಗ್ಗಿದ. ಆ ಕಡೆ ನೋಡಿದ, ಈ ಕಡೆ ನೋಡಿದ.

"ಪೂಜಾರಿ, ನನ್ನ ಅಪ್ಪ ಎಲ್ಲಿ?"

"ಇಲ್ಲಿದ್ದಾರಲ್ಲ ಸರ್." ಬಲತುದಿಯಲ್ಲಿ, ಒಂದು ಸಪೂರ ಗೆರೆಯ ಕೊನೆಗೆ, ಆಶ್‌ಕೋಟನ ಅಪ್ಪ ಇದ್ದರು. ಪಕ್ಕದಲ್ಲೊಂದು ಅಡ್ಡ ಗೀಟು, ಪೈಪು ಇಲ್ಲಿಗೆ ಮುಗಿಯಿತು ಎಂಬ ಗುರುತು.

"ಮತ್ತೆ ನಾನು?"

"ನೀವು ಈ ಶೀಟಿನಲ್ಲಿ ಬರುವುದಿಲ್ಲ ಸರ್. ನೀವು ನಿಮ್ಮ ತಾಯಿಯವರ ಶೀಟು. ನಿಮ್ಮ ಗಂಡುಮಕ್ಕಳು ನಿಮ್ಮ ಮೇಡಮ್ಮಿನ ಶೀಟು. ಅದಕ್ಕೆ ಬೇರೆ ಡ್ರಾಯಿಂಗ್ ಬೇಕಾಗ್ತದೆ."

ಆಗ ಗೊತ್ತಾಯಿತು ನೋಡಿ ನಮ್ಮವನ ಎಡವಟ್ಟು. ಮೇನ್ ಲೈನ್ ಎಂದಾಗ ಅವನ ಕೈ ತಾನಾಗಿಯೇ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ದಪ್ಪ ಗೆರೆ ಎಳೆದುಬಿಟ್ಟಿತ್ತು. ಜಮೀನಿನ ಒಡೆಯರು, ನೈಟುಗಳು, ಕ್ಯಾಪ್ಟನ್ನುಗಳು ಎಲ್ಲ ಸಪೂರ ಗೆರೆಯ ತುದಿಯಲ್ಲಿ ಜೋತಾಡುತ್ತಿದ್ದರು. ದಪ್ಪ ಗೆರೆಗಳಾದರೂ ಎಷ್ಟು ದೂರ ಹೋದಾವು? ಮೇರಿ, ಹೋಲ್ಡ್. ಆನ್, ಹೋಲ್ಡ್. ಇನ್ನೊಬ್ಬಳು ಮೇರಿ, ಹೋಲ್ಡ್. ಹಾಳೆಯ ತುಂಬ ಮೋಡಗಳು.

ಯಜ್ಞೇಶ್ ತಡವರಿಸುತ್ತ ತನ್ನ ಕಡೆಯ ಪದ್ಧತಿ ಹೇಳಿದ. ಆಶ್‌ಕೋಟ್ ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕ. "ಮುನ್ನೂರು ವರ್ಷದ ಆಶ್‌ಕೋಟರನ್ನು ಡ್ರೈನ್ ಪೈಪು ಮಾಡಿಬಿಟ್ಟೆಯಲ್ಲ ಮಹಾರಾಯ!" ಯಜ್ಞೇಶನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಸಾರಿ ಸರ್, ಸಾರಿ ಸರ್" ಎನ್ನುತ್ತ ಹಾಳೆ ಸುತ್ತಲು ಹೊರಟ.

"ತಡೆ," ಎಂದ ಆಶ್‌ಕೋಟ್. ನಗು ನಿಂತಿತ್ತು. ಹಾಳೆಯ ಎಡಗಡೆ ಒಂದೇ ಒಂದು ದಪ್ಪ ಗೆರೆ ಎಲ್ಲಿಯೂ ಮೋಡಕ್ಕೆ ಸಿಕ್ಕದೆ ಮೇಲಿಂದ ಕೆಳಗಿನವರೆಗೆ ನೇರ ಬಂದಿತ್ತು. ಎಲೈಜಾ, ಅವಳ ಮಗಳು, ಅವಳ ಮಗಳು, ಕೊನೆಗೆ ಕೆನಡಾದ ಒಬ್ಬ ಟೀಚರು. "ಇವಳನ್ನು ಎಲ್ಲಿಂದ ತಂದೆ?"

"ನಿಮ್ಮ ಕಾಗದದಲ್ಲೇ ಇತ್ತು ಸರ್. ಕೆನಡಾದವರು ನಿಮಗೆ ಬರೆದ ಇಮೇಲು. ಚರ್ಚಿನ ಹುಟ್ಟಿನ ದಾಖಲೆಯಲ್ಲೂ ಎಲೈಜಾ ಉಂಟು."

ಆಶ್‌ಕೋಟ್ ಕನ್ನಡಕ ತೆಗೆದಿಟ್ಟ. ಎಲೈಜಾ ಆ ಮನೆಯ ಮಗಳು, ಹಿಟ್ಟಿನ ಗಿರಣಿಯವನ ಮಗನ ಜೊತೆ ಓಡಿಹೋದವಳು. ಅವಳ ಅಪ್ಪ ಮನೆಯ ಬೈಬಲಿನಲ್ಲಿ ಅವಳ ಹೆಸರನ್ನು ಕಾಗದ ಹರಿಯುವಷ್ಟು ಒತ್ತಿ ಹೊಡೆದುಹಾಕಿದನಂತೆ. ಇಂದಿಗೂ ತನ್ನ ತಂದೆ ಆ ಹೆಸರು ಎತ್ತಿದರೆ ಎದ್ದು ಹೋಗುತ್ತಾರೆ ಎಂದ ಆಶ್‌ಕೋಟ್. "ಗಂಡುಮಕ್ಕಳಿಗೆ ದಪ್ಪ ಗೆರೆ ಹಾಕಿ ಹೊಸದಾಗಿ ಬಿಡಿಸು. ಇವಳನ್ನು ತೆಗೆ."

ಯಜ್ಞೇಶ್ ಸಾಹೇಬರಿಗೆ ಎದುರು ಮಾತಾಡುವ ಜಾತಿಯವನಲ್ಲ. ಆದರೂ ಬಾಯಿಗೆ ಬಂತು. "ಹುಟ್ಟಿದವಳನ್ನು ಹೇಗೆ ತೆಗೆಯುವುದು ಸರ್?"

"ಡಿಲೀಟ್ ಬಟನ್ ಒತ್ತಿ" ಎಂದ ಆಶ್‌ಕೋಟ್, ಸ್ವಲ್ಪ ಖಾರವಾಗಿಯೇ.

ಅವನು ಒತ್ತಲಿಲ್ಲ. ಕಂಪ್ಯೂಟರಿನ ಡ್ರಾಯಿಂಗ್ ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳ ಹಾಗೆ. ಒಂದೊಂದಕ್ಕೆ ಲೇಯರ್ ಎನ್ನುತ್ತಾರೆ. ಬೇಡವಾದ ಲೇಯರನ್ನು ಫ್ರೀಜ್ ಮಾಡಿದರೆ ಅದರಲ್ಲಿರುವುದು ಪ್ರಿಂಟಿಗೆ ಬರುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಆದರೆ ಫೈಲಿನೊಳಗೆ ಇದ್ದೇ ಇರುತ್ತದೆ. ಯಜ್ಞೇಶ್ ಎಲೈಜಾಳನ್ನೂ ಅವಳ ಹೆಣ್ಣುಮಕ್ಕಳನ್ನೂ ಒಂದು ಲೇಯರಿಗೆ ಸಾಗಿಸಿ ಫ್ರೀಜ್ ಮಾಡಿದ. ಹಾಗೆ ಮಾಡಿದ್ದೇನೆಂದು ಹೇಳಿಯೂ ಹೇಳಿದ. ಆಶ್‌ಕೋಟ್ ಭುಜ ಹಾರಿಸಿದ. ಹೊಸ ಡ್ರಾಯಿಂಗಿನಲ್ಲಿ ಗಂಡಸರೆಲ್ಲ ದಪ್ಪ ದಪ್ಪಗೆ ಮೆರೆದರು. ಆಶ್‌ಕೋಟ್ ಅದನ್ನು ಕೊಳವೆಗೆ ತುಂಬಿಸಿ ಫೆಬ್ರುವರಿಯಲ್ಲಿ ಇಂಗ್ಲೆಂಡಿಗೆ ವಿಮಾನ ಹತ್ತಿದ.

ಅವನು ಅತ್ತ ಹೋಗಿದ್ದಾಗಲೇ ಇತ್ತ ಆ ಫೋನು ಬಂದದ್ದು.

ಶುಕ್ರವಾರ ಮಧ್ಯಾಹ್ನ. ಪಕ್ಕದ ಮಸೀದಿಯಲ್ಲಿ ನಮಾಜು ಮುಗಿದು ಕಾರುಗಳು ಹೊರಡುವ ಸದ್ದು. ಮೊಬೈಲಿನಲ್ಲಿ ಭಾರತದ ನಂಬರು, ಅದರಲ್ಲಿ ನಾಸಿಕದ ಕೋಡು. ಎಷ್ಟು ವರ್ಷ ಒತ್ತಿದ ಕೋಡು ಅದು! ಆ ಕಡೆಯಿಂದ ಅದು ಬಂದದ್ದು ಇದೇ ಮೊದಲು. ಯಜ್ಞೇಶ್ ಅನ್ನ ಕಲಸಿದ ಕೈಯಲ್ಲೇ ಎದ್ದ.

"ಹಲೋ ಅಂಕಲ್, ನಾನು ಯಶ್ಮಿತಾ."

ವಾರಿಜಳ ಸ್ವರ. ಅದೇ, ಕೊನೆಯಲ್ಲಿ ಸ್ವಲ್ಪ ಒಡೆಯುವ ಸ್ವರ. ಯಜ್ಞೇಶ್ ಫೋನನ್ನು ಕಿವಿಗೆ ಒತ್ತಿಕೊಂಡ. "ಹೇಳು ಮಗಾ" ಎಂದ, ಅಷ್ಟೇ ಬಂತು.

"ನನಗೆ ಮದುವೆ ಮಾತಾಗ್ತಾ ಉಂಟು ಅಂಕಲ್. ಹುಡುಗ ನನಗೆ ಗೊತ್ತಿರುವವನೇ. ಕಾಲೇಜಿನಿಂದ." ಕನ್ನಡದ ಮಧ್ಯೆ ಹಿಂದಿಯ ಎಳೆತ. "ಅವನ ಮಮ್ಮಿ ಈಗ ಇಲ್ಲೇ ನಮ್ಮ ಮನೆಯಲ್ಲಿದ್ದಾರೆ. ನನ್ನ ಹೆತ್ತ ಅಮ್ಮ ಬೇರೆ ಅಂತ ಅವರಿಗೆ ಈಗ ಗೊತ್ತಾಯ್ತು. ಅದಕ್ಕೆ ಅವರಿಗೆ ನಿಮ್ಮ ಹತ್ತಿರವೇ ಒಂದು ಮಾತು ಕೇಳಬೇಕಂತೆ." ನಡೆಯುವ ಸದ್ದು, ಬಾಗಿಲು ಎಳೆದ ಸದ್ದು. ಆಮೇಲೆ ಅವಳು ಸ್ವರ ತಗ್ಗಿಸಿ, ಉಸಿರಿನಲ್ಲೇ ಎಂಬ ಹಾಗೆ, ತುಳುವಿನಲ್ಲಿ ಹೇಳಿದಳು: "ಅಂಕಲ್, ಅವರು ಬಂಗೇರ."

ಅಯ್ಯೋ ದೇವರೇ. ಯಜ್ಞೇಶ್ ಗೋಡೆಗೆ ಒರಗಿದ. ಹುಡುಗನ ತಾಯಿ ಬಂಗೇರ ಎಂದರೆ ಹುಡುಗನೂ ಬಂಗೇರ. ಬಂಗೇರ ಹುಡುಗಿಗೆ ಅವನು ಅಣ್ಣ. ಮದುವೆ ಅಲ್ಲಿಗೆ ಮುರಿಯಿತು. ಆದರೆ ಆ ಹುಡುಗಿ ಇದನ್ನು ಇವನಿಗೆ ಯಾಕೆ ಹೇಳಬೇಕು, ಅದೂ ಸ್ವರ ತಗ್ಗಿಸಿ? ಅವಳಿಗೆ ಗೊತ್ತಿದೆ. ಯಶ್ಮಿತಾ ಕುಂದರ್ ಎಂದು ಹದಿನೇಳು ವರ್ಷ ಬರೆದರೂ ಅವಳಿಗೆ ತಾನು ಯಾರೆಂದು ಗೊತ್ತಿದೆ. ಎದೆಗೆ ಗುದ್ದಿಕೊಂಡ ಆ ಆಟ ಅವಳು ಮರೆತಿಲ್ಲ! ಯಜ್ಞೇಶನಿಗೆ ಒಂದು ಗಳಿಗೆ ಎಂಥ ಸಂತೋಷವಾಯಿತು ಎಂದರೆ, ಅವಳು ಏನು ಬೇಡುತ್ತಿದ್ದಾಳೆ ಎಂಬುದು ತಲೆಗೆ ಹೋಗಲು ಇನ್ನೊಂದು ಗಳಿಗೆ ಬೇಕಾಯಿತು.

ಅಷ್ಟರಲ್ಲಿ ಫೋನು ಕೈ ಬದಲಿಸಿತ್ತು. "ನಮಸ್ಕಾರ, ನೀವು ಹುಡುಗಿಯ ಸೋದರಮಾವ ಅಲ್ವಾ?" ದಪ್ಪ ಸ್ವರದ, ಒಳ್ಳೆ ಮನಸ್ಸಿನ ಹೆಂಗಸು. "ಬೇಜಾರು ಮಾಡಬೇಡಿ. ನಿಮ್ಮ ಬಾವ ಹೇಳಿದ್ರು, ಮೊದಲನೆಯವರೂ ಕುಂದರ್, ಈಗಿನವರೂ ಕುಂದರ್ ಅಂತ. ಆದ್ರೆ ಬರಿಯ ವಿಷಯ ಅಪ್ಪಂದಿರ ಬಾಯಲ್ಲಿ ಕೇಳಬಾರದು, ಸೋದರಮಾವನೇ ಹೇಳಬೇಕು ಅಂತ ನಮ್ಮ ಅಮ್ಮ ಹೇಳ್ತಿದ್ರು. ನಾವು ಬಂಗೇರ. ನಾಳೆ ದೈವದ ಎದುರು ನಿಲ್ಲಬೇಕಾದವರು ನಾವು. ಅದಕ್ಕೆ ಕೇಳ್ತಾ ಇದ್ದೇನೆ. ನಿಮ್ಮ ತಂಗಿಯ ಬರಿ ಯಾವುದು?"

ಹದಿನೇಳು ವರ್ಷ ಅವನು ಕಾದದ್ದು ಈ ಪ್ರಶ್ನೆಗೇ ಅಲ್ಲವಾ? ಯಾರಾದರೂ ಕೇಳಲಿ, ಈ ಹುಡುಗಿ ಯಾರ ಮನೆಯವಳು ಎಂದು ನನ್ನನ್ನು ಕೇಳಲಿ, ಎದೆ ತಟ್ಟಿ ಹೇಳುತ್ತೇನೆ ಎಂದು. ಕೇಳಿದ್ದಾರೆ. ಕೇಳಬೇಕಾದ ರೀತಿಯಲ್ಲೇ, ಕೇಳಬೇಕಾದವನನ್ನೇ ಕೇಳಿದ್ದಾರೆ. ನಾಲಗೆಯ ತುದಿಯಲ್ಲೇ ಇತ್ತು ಶಬ್ದ.

ಊಟದ ಮೇಜಿನಿಂದ ಜ್ಯೋತ್ಸ್ನಾ ಅವನನ್ನೇ ನೋಡುತ್ತಿದ್ದಳು.

"ಕುಂದರ್," ಎಂದ ಯಜ್ಞೇಶ್. "ನಾವು ಕುಂದರ್."

"ಹಾಗಾದರೆ ನೀವೂ ಕುಂದರ್?"

"ಹೌದಕ್ಕ. ನಾನೂ ಕುಂದರ್. ನನ್ನ ತಾಯಿ, ಅಜ್ಜಿ, ಎಲ್ಲರೂ."

"ಅಬ್ಬ! ಎದೆಯಿಂದ ಒಂದು ಭಾರ ಇಳಿಯಿತು ಮಾರಾಯ್ರೆ," ಎಂದು ಆ ಹೆಂಗಸು ನಕ್ಕಳು. ಬರಿಯ ಲೆಕ್ಕದಲ್ಲಿ ನಿಜಕ್ಕೂ ಅವಳು ಯಜ್ಞೇಶನಿಗೆ ಅಕ್ಕನೇ. ಅದನ್ನು ಅವಳಿಗೆ ಹೇಳುವ ಹಾಗಿಲ್ಲ. ಫೋನು ಪುನಃ ಹುಡುಗಿಯ ಕೈಗೆ ಹೋಯಿತು. ಅವಳು ಅಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

"ಸೊಲ್ಮೆಲು," ಎಂದಳು. ಉಪಕಾರವಾಯಿತು ಎನ್ನಲು ತುಳುವಿನಲ್ಲಿ ಹೇಳುವ ಮಾತು. ಆಮೇಲೆ, "ಸೊಲ್ಮೆಲು, ತಮ್ಮಲೆ" ಎಂದಳು.

ಯಜ್ಞೇಶ್ ಮೇಜಿಗೆ ಬಂದು ಕೂತ. ಕೈಯಲ್ಲಿ ಅನ್ನ ಒಣಗಿತ್ತು. ಜ್ಯೋತ್ಸ್ನಾ ತಟ್ಟೆಗೆ ಬಿಸಿ ಸಾರು ಬಡಿಸಿ, "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀವು ಹೇಳಿದ್ದು ಒಂದೇ ಅಲ್ವಾ? ಊಟ ಮಾಡಿ" ಎಂದಳು. ಅವನು ಉಣ್ಣಲು ನೋಡಿದ, ಆಗಲಿಲ್ಲ. ನಲವತ್ತೆಂಟು ವರ್ಷದ ಗಂಡಸು ತಟ್ಟೆಯ ಮುಂದೆ ಕೂತು ಹುಡುಗರ ಹಾಗೆ ಅತ್ತ. "ತಮ್ಮಲೆ ಅಂದಳು ಜ್ಯೋತ್ಸ್ನಾ," ಎಂದ. "ನಾನು ಅವಳನ್ನು ಬಂಗೇರ ಅಲ್ಲ ಅಂದ ಮೇಲೆ ತಮ್ಮಲೆ ಅಂದಳು."

ವಾರ ಕಳೆದು ಯಶ್ಮಿತಾ ಇನ್ನೊಮ್ಮೆ ಫೋನ್ ಮಾಡಿದಳು. ಮೇ ತಿಂಗಳಲ್ಲಿ ಮದುವೆ, ಹುಡುಗನ ಕಡೆಯವರು ಹೇಳಿದ ಮೂಲ್ಕಿಯ ಹಾಲ್‌ನಲ್ಲಿ. "ನನ್ನನ್ನು ಮಂಟಪಕ್ಕೆ ಕರಕೊಂಡು ಬರುವುದು ಸೋದರಮಾವನೇ ಅಂತೆ. ಬರ್ತೀರಲ್ಲ ತಮ್ಮಲೆ?" ಈಗ ಆ ಶಬ್ದ ಅವಳ ಬಾಯಲ್ಲಿ ಸಲೀಸಾಗಿ ಬರುತ್ತಿತ್ತು. ಯಜ್ಞೇಶ್ ಅದನ್ನು ಕೇಳುತ್ತಲೇ ಮೂಲ್ಕಿಯ ಹಾಲನ್ನು ನೆನೆದ. ಮೂಲ್ಕಿ ಎಂದರೆ ಅವನ ಊರಿನ ಬಾಗಿಲು. ನೂರು ಜನ ಗುರುತಿನವರು. ಕಾಲಿಟ್ಟ ಕೂಡಲೇ ಯಾರಾದರೂ ಒಬ್ಬ ಬೆನ್ನಿಗೆ ಹೊಡೆದು, "ಏನು ಬಂಗೇರೆ, ಯಾವಾಗ ಬಂದದ್ದು?" ಎಂದು ಕೂಗಿಯೇ ಕೂಗುತ್ತಾನೆ. ತೀರಿಹೋದ ವಾರಿಜಳನ್ನು ಊರು ಮರೆತಿರಬಹುದು, ಆದರೆ ಇವನ ಮುಖ ಕಂಡರೆ ವಾರಿಜ ನೆನಪಾಗುತ್ತಾಳೆ, ವಾರಿಜ ನೆನಪಾದರೆ ಬರಿ ನೆನಪಾಗುತ್ತದೆ. ಇವನು ಹೋಗದಿದ್ದರೆ ಮಾತ್ರ ಆ ಮದುವೆ ನಡೆಯುತ್ತದೆ.

"ಮೇ ತಿಂಗಳು ಪ್ಲಾಂಟ್ ಶಟ್‌ಡೌನ್ ಮಗಾ, ಎಲ್ಲ ನಿಲ್ಲಿಸಿ ರಿಪೇರಿ. ರಜೆ ಸಿಕ್ಕುವುದಿಲ್ಲ."

ಬುದ್ಧಿವಂತೆ, ವಾರಿಜಳ ಮಗಳಲ್ಲವಾ. "ಗೊತ್ತಾಯ್ತು ತಮ್ಮಲೆ" ಎಂದಳು.

ಮಾರ್ಚಿನಲ್ಲಿ ಆಶ್‌ಕೋಟ್ ವಾಪಸು ಬಂದ. ಬಂದವನು ನೇರ ಯಜ್ಞೇಶನ ಮೇಜಿಗೆ ಬಂದು ಕುರ್ಚಿ ಎಳೆದುಕೊಂಡ. ಹುಟ್ಟುಹಬ್ಬದ ದಿನ ಅವನ ತಂದೆ ಆ ಹಾಳೆಯ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ಓದುತ್ತ ತುಂಬ ಹೊತ್ತು ಕೂತರಂತೆ. ಎಲ್ಲ ನೋಡಿ ಮುಗಿಸಿ ತಲೆ ಎತ್ತಿ, "ಎಲೈಜಾ ಎಲ್ಲಿ?" ಎಂದರಂತೆ.

"ನೀವೇ ಅಲ್ವಾ ಆ ಹೆಸರು ಎತ್ತಬಾರದು ಅಂತಿದ್ದದ್ದು ಅಂದೆ. ಅದಕ್ಕೆ ಮುದುಕ ಏನು ಹೇಳಿದ ಗೊತ್ತಾ ಪೂಜಾರಿ? ಹೆಸರು ಎತ್ತಬೇಡಿ ಅಂದೆ, ಅವಳು ಇರಲೇ ಇಲ್ಲ ಅಂತ ಯಾವಾಗ ಹೇಳಿದೆ ಅಂದ." ಆಶ್‌ಕೋಟ್ ಮೂಗು ಉಜ್ಜಿಕೊಂಡ. "ಕೆನಡಾದ ಟೀಚರಿಗೆ ಫೋನ್ ಮಾಡಿಸಿಕೊಂಡು ಮಾತಾಡಿದ. ಅವಳು ನಿನ್ನ ಫೈಲಿನಲ್ಲಿ ಇದ್ದಾಳಲ್ಲ?"

"ಇದ್ದಾಳೆ ಸರ್."

ಯಜ್ಞೇಶ್ ಫೈಲು ತೆರೆದು ಲೇಯರಿನ ಮೇಲೆ ಒಂದು ಸಲ ಒತ್ತಿದ. ಎಲೈಜಾ, ಅವಳ ಮಗಳು, ಅವಳ ಮಗಳು, ಎಲ್ಲರೂ ಬಿಟ್ಟುಹೋದ ಜಾಗಕ್ಕೆ ಬಂದು ನಿಂತರು. ಪ್ಲಾಟರ್ ಗುರುಗುರು ಶಬ್ದ ಮಾಡುತ್ತ ದಪ್ಪ ಗೆರೆ ಎಳೆಯತೊಡಗಿತು. ಅದನ್ನು ನೋಡುತ್ತ ನಿಂತ ಯಜ್ಞೇಶನಿಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬಬೇಕು ನೀವು. ನೂರು ವರ್ಷ ಹಿಂದೆ ಸತ್ತ, ಮುಖ ಕಾಣದ ಇಂಗ್ಲಿಷ್ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು.

ಅಷ್ಟರಲ್ಲಿ ಅಬ್ದುಲ್ ಸಲಾಂ ಚಹಾ ಹಿಡಿದು ಬಂದವನು ಸುಮ್ಮನಿರಬೇಕಲ್ಲ, ಆಶ್‌ಕೋಟನಿಗೆ ಹೇಳಿಯೇಬಿಟ್ಟ: "ಸರ್, ಪೂಜಾರಿಯ ತಂಗಿಯ ಮಗಳಿಗೆ ಮೇ ತಿಂಗಳಲ್ಲಿ ಮದುವೆ. ನೀವಾದರೂ ಹೇಳಿ, ರಜೆ ಕೇಳಲಿಕ್ಕೂ ನಾಚಿಕೆ ಇವನಿಗೆ."

ಆಶ್‌ಕೋಟನ ಮುಖ ಅರಳಿತು. ಜೇಬಿನಿಂದ ಪೆನ್ನು ತೆಗೆದೇಬಿಟ್ಟ. "ಶಟ್‌ಡೌನ್ ಹಾಳಾಗಲಿ. ಇಲ್ಲೇ ಸೈನ್ ಮಾಡ್ತೇನೆ, ಕಾಗದ ಕೊಡು. ತಂಗಿಯ ಮಗಳು! ನಿಮ್ಮ ಪದ್ಧತಿಯಲ್ಲಿ ನಿನ್ನ ಮೇನ್ ಲೈನೇ ಅವಳಲ್ವಾ? ನೀನೇ ನನಗೆ ಪಾಠ ಮಾಡಿದ್ದು. ನೀನು ಇಲ್ಲದೆ ಮದುವೆ ಹೇಗೆ ನಡೀತದೆ?"

ಯಜ್ಞೇಶ್ ಪ್ಲಾಟರಿನಿಂದ ಹೊರಬರುತ್ತಿದ್ದ ಹಾಳೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಮಡಿಕೆ ಬೀಳದಿರಲಿ ಎಂದು.

"ಬೇಡ ಸರ್," ಎಂದ. "ನಾನು ಅವಳಿಗೆ ಬರೀ ಅಂಕಲ್."